ಕಣ್ವದ ದಡದಲ್ಲಿ ಕಡಲಿನ ಇಂಜಿನ್

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ನೀರಿಗೆ ಎಲ್ಲಿ ಹೋದರೂ ಬಂಡೆಯ ಸಹವಾಸ. ಸುಮಾರು 250 ಕೋಟಿ ವರ್ಷ ಹಳೆಯ ಕ್ಲೋಸ್‌ಪೇಟೆ ಗ್ರಾನೈಟು ನೆಲದ ಮೇಲೆ ಬೆಟ್ಟವಾಗಿ ಎದ್ದಿರುವಂತೆ ನೀರಿನ ಅಡಿಯಲ್ಲೂ ಅಡಗಿ ಕೂತಿದೆ. ಅರ್ಕಾವತಿ ಕಾವೇರಿಗೆ ಸೇರುವ ಸಂಗಮದಲ್ಲಿ ಮೇಕೆದಾಟಿನ ಕಡೆಗೆ ಹೊಳೆ ದಾಟಿಸುವುದು ಇವತ್ತಿಗೂ ತೆಪ್ಪವೇ. ಬಂಡೆಗೆ ತಗುಲಿದರೆ ತೆಪ್ಪ ತಿರುಗಿಕೊಂಡು ಪಕ್ಕಕ್ಕೆ ಸರಿಯುತ್ತದೆ, ಅಷ್ಟೆ. ಅಂಥ ನೀರಿಗೆ ಮೋಟಾರಿನ ಪಂಕ ಇಳಿಸಿದರೆ ಮೊದಲ ಕಲ್ಲಿಗೇ ರೆಕ್ಕೆ ಮುರಿದೀತು. ಹಾಗಾಗಿ ದೋಣಿಗೆ ಹಾಕುವ ಔಟ್‌ಬೋರ್ಡ್ ಮೋಟಾರು ಇಲ್ಲಿನ ಜನರಿಗೆ ಹೊರಗಿನ ನೆಂಟ.

ಆದರೆ 1946ರಲ್ಲಿ ಕಟ್ಟಿದ ಕಣ್ವ ಜಲಾಶಯದ ನೀರು ಅಗಲ. ಮಳೆ ಚೆನ್ನಾಗಿ ಬಿದ್ದ ವರ್ಷ ಒಂದು ದಡದಿಂದ ಇನ್ನೊಂದು ದಡದ ಮನುಷ್ಯ ಚುಕ್ಕಿಯಾಗಿ ಕಾಣುತ್ತಾನೆ. ಮಧ್ಯಾಹ್ನ ಗಾಳಿ ಎದ್ದರೆ ತೆಪ್ಪ ಹುಟ್ಟಿನ ಮಾತು ಕೇಳುವುದಿಲ್ಲ. ಸಂಜೆ ಬಿಟ್ಟ ಬಲೆಯನ್ನು ಬೆಳಗ್ಗೆ ಎತ್ತಿ, ಬಿಸಿಲೇರುವ ಮುಂಚೆ ಕಾಟ್ಲಾ, ರೋಹುಗಳನ್ನು ಐಸಿಗೆ ಹಾಕಬೇಕಾದವರಿಗೆ ಈ ಗಾಳಿಯದೇ ಚಿಂತೆ. ಅದಕ್ಕೇ ದಡದ ಊರಿನ ನಾಲ್ಕು ಹುಡುಗರು ದುಡ್ಡು ಸೇರಿಸಿ ಕರಾವಳಿಯಿಂದ ಹಳೆಯ ಫೈಬರ್ ದೋಣಿಯೊಂದನ್ನು ಲಾರಿಯಲ್ಲಿ ತಂದರು. ಜೊತೆಗೆ ಗೋಣಿಚೀಲ ಸುತ್ತಿದ ಇಂಜಿನ್ನು: 8 ಎಚ್‌ಪಿ, ಎರಡು ಸಿಲಿಂಡರು, ಟೂ-ಸ್ಟ್ರೋಕ್, ಸೀಮೆಎಣ್ಣೆಯಲ್ಲಿ ಓಡುವಂಥದ್ದು.

ಈ ಜಾತಿಯ ಇಂಜಿನ್ನಿನ ಊರು ಮಲ್ಪೆ, ಗಂಗೊಳ್ಳಿ, ಮರವಂತೆ. ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಬೋಟುಗಳು ಬಂದರಿನಲ್ಲಿ ಕಟ್ಟಿಹಾಕಿಸಿಕೊಂಡಿರುವಾಗ, 10 ಎಚ್‌ಪಿಯೊಳಗಿನ ಇಂಜಿನ್ ಕಟ್ಟಿಕೊಂಡ ನಾಡದೋಣಿಗಳಿಗೆ ಕಡಲು ತೆರೆದಿರುತ್ತದೆ. ಮಳೆಗಾಲದ ಅಬ್ಬರದ ಅಲೆಯಲ್ಲಿ ದುಡಿದು ಸವೆದ ಇಂಜಿನ್ನು ಕೊನೆಗೆ ಅಗ್ಗದ ಬೆಲೆಗೆ ಹೀಗೆ ಘಟ್ಟ ಹತ್ತುತ್ತದೆ. ಮೇಲೆ ಬಣ್ಣ ಹೊಸದಾಗಿರುತ್ತದೆ. ಒಳಗೆ ಉಪ್ಪು ಕೂತಿರುತ್ತದೆ.

ದೋಣಿ ನೀರಿಗಿಳಿಯಿತು, ಇಂಜಿನ್ನು ಕೆಮ್ಮಲೂ ಇಲ್ಲ. ಹುಡುಗರು ಸರದಿಯ ಮೇಲೆ ಹಗ್ಗ ಎಳೆದರು. ಕೈ ಬೊಬ್ಬೆ ಬಂದ ಮೇಲೆ ಚನ್ನಪಟ್ಟಣದಿಂದ ಒಬ್ಬ ಹಿರಿಯ ಮೆಕಾನಿಕ್‌ರನ್ನು ಕರೆತಂದರು. ಬೋರ್‌ವೆಲ್ಲುಗಳು ಬರುವ ಮೊದಲು ಹೊಳೆದಂಡೆಯ ಡೀಸೆಲ್ ಪಂಪ್‌ಸೆಟ್ಟುಗಳನ್ನು, ಆಮೇಲೆ ಚೇತಕ್ ಸ್ಕೂಟರನ್ನು, 1985ರಿಂದೀಚೆಗೆ ಆರ್‌ಎಕ್ಸ್ 100 ಬೈಕನ್ನು ಬಿಚ್ಚಿ ಜೋಡಿಸಿದ ಕೈ ಅದು. ದೋಣಿಯ ಇಂಜಿನ್ನನ್ನು ಅವರು ಮುಟ್ಟಿದ್ದು ಇದೇ ಮೊದಲು.

“ಭಾಯ್, ಎಳ್ದೂ ಎಳ್ದೂ ತೋಳೇ ಬಿದ್ದೋಯ್ತು.”

“ಎಳೀಬ್ಯಾಡ್ರಪ್ಪಾ, ನಿಲ್ಸಿ. ಅದಕ್ಕೇನ್ ಬೇಕಂತೆ ಅಂತ ಮೊದ್ಲು ನೋಡಾನ. ಕರೆಂಟು, ಪೆಟ್ರೋಲು, ಕಂಪ್ರೆಷನ್ನು. ಈ ಮೂರು ಇದ್ದು ಓಡ್ದೆ ಇರೋ ಇಂಜಿನ್ನು ನಾನಂತೂ ನೋಡಿಲ್ಲ.”

ಅವರು ಇಂಜಿನ್ನನ್ನು ಮೊದಲು ಮುಟ್ಟಲೇ ಇಲ್ಲ, ಸುತ್ತ ಬಂದು ನೋಡಿದರು. ನಿಲ್ಲಿಸುವ ಕೆಂಪು ಗುಂಡಿಯ ಹಿಂದೆ ಸಿಕ್ಕಿಸಬೇಕಾದ ಪ್ಲಾಸ್ಟಿಕ್ ಕ್ಲಿಪ್ಪೇ ಇರಲಿಲ್ಲ. ದೋಣಿ ನಡೆಸುವವನ ಮಣಿಕಟ್ಟಿಗೆ ದಾರದಿಂದ ಕಟ್ಟಿರುವ ಕ್ಲಿಪ್ಪು ಅದು. ಅವನು ನೀರಿಗೆ ಬಿದ್ದರೆ ಕ್ಲಿಪ್ಪು ಕಿತ್ತುಬಂದು ಇಂಜಿನ್ನು ನಿಲ್ಲಬೇಕು, ಇಲ್ಲದಿದ್ದರೆ ತಿರುಗುವ ಪಂಕ ಬಿದ್ದವನ ಮೇಲೆಯೇ ಬರಬಹುದು. ಕ್ಲಿಪ್ಪಿಲ್ಲದೆ ಎಷ್ಟು ಎಳೆದರೂ ಕಿಡಿ ಹುಟ್ಟದು. ಸದ್ಯಕ್ಕೆ ಒಂದು ಚೂರು ಪ್ಲಾಸ್ಟಿಕ್ ಕೆತ್ತಿ ಸಿಕ್ಕಿಸಿದರು. ನೀರಿಗಿಳಿಯುವ ಮುಂಚೆ ಸರಿಯಾದದ್ದನ್ನು ತರಿಸಿ ಕೈಗೆ ಕಟ್ಟಿಕೊಳ್ಳಲೇಬೇಕೆಂದು ಹುಡುಗರ ಬಾಯಲ್ಲಿ ಹೂಂಗುಟ್ಟಿಸಿಕೊಂಡೇ ಮುಂದಕ್ಕೆ ಹೋದರು.

ಪ್ಲಗ್ಗುಗಳು ಎರಡೂ ಕಪ್ಪಗೆ, ಒದ್ದೆ. ಒರೆಸಿ, ಸಿಲಿಂಡರಿನ ಲೋಹಕ್ಕೆ ಒತ್ತಿ ಹಿಡಿದು ಹಗ್ಗ ಎಳೆಸಿದಾಗ ಒಂದರಲ್ಲಿ ನೀಲಿ ಕಿಡಿ ಚಟ್ಟೆಂದಿತು, ಇನ್ನೊಂದರಲ್ಲಿ ನಿಸ್ತೇಜ ಕೇಸರಿ. ಕಾಯಿಲ್ಲಿನ ಅರ್ಥ್ ತಂತಿ ಹಿಡಿದು ಹೋದರೆ ಅದರ ಬುಡದಲ್ಲಿ ಹಸಿರು ಕಿಲುಬು. ಕಡಲು ಮಾಡಿದ ಕೆಲಸ. ಪಾಲಿಷ್ ಕಾಗದದಲ್ಲಿ ಕೆಂಪು ತಾಮ್ರ ಕಾಣುವವರೆಗೆ ಉಜ್ಜಿ ಬಿಗಿದ ಮೇಲೆ ಎರಡರಲ್ಲೂ ನೀಲಿ ಬಂತು. ಪ್ಲಗ್ಗಿನ ತೂತಿಗೆ ಹೆಬ್ಬೆರಳಿಟ್ಟು ನೋಡಿ, ಬೈಕಿನ ಗೇಜನ್ನೂ ಹಚ್ಚಿ, ಎರಡು ಸಿಲಿಂಡರುಗಳ ಒತ್ತಡ ಹೆಚ್ಚುಕಮ್ಮಿ ಸಮ ಇರುವುದನ್ನು ಕಂಡಾಗ ಅವರ ಮುಖ ಸಡಿಲವಾಯಿತು. ಇಂಜಿನ್ನಿನ ಜೀವ ಗಟ್ಟಿಯಿದೆ, ಉಳಿದಿದ್ದೆಲ್ಲ ರಿಪೇರಿ.

ಪೆಟ್ರೋಲಿನ ದಾರಿಯಲ್ಲಿ ಹೊತ್ತು ಹಿಡಿಯಿತು. ಇಂಥ ಇಂಜಿನ್ನು ಹೊರಡುವುದು ಪೆಟ್ರೋಲಿನಲ್ಲಿ, ಕಾದ ಮೇಲೆ ನಲ್ಲಿ ತಿರುಗಿಸಿದರೆ ಸೀಮೆಎಣ್ಣೆಯಲ್ಲಿ ಓಡುತ್ತದೆ. ನಿಲ್ಲಿಸುವ ಮುಂಚೆ ಮತ್ತೆ ಪೆಟ್ರೋಲಿಗೆ ತಿರುಗಿಸಿ ಸ್ವಲ್ಪ ಓಡಿಸಬೇಕು. ಹಾಗೆ ಮಾಡದೆ ನಿಲ್ಲಿಸಿದವರು ಯಾರೋ, ಕಾರ್ಬೋರೇಟರಿನ ಬಟ್ಟಲಿನ ತುಂಬ ಹಳೇ ಸೀಮೆಎಣ್ಣೆ ನಿಂತು ಅಂಟಾಗಿತ್ತು. ತಣ್ಣನೆಯ ಇಂಜಿನ್ನಿಗೆ ಅದು ಹತ್ತಿಕೊಳ್ಳುವುದು ಹೇಗೆ? ಪೆಟ್ರೋಲು ಹಾಯುವ ಜೆಟ್ಟಿನ ಕೂದಲೆಳೆಯಷ್ಟು ರಂಧ್ರಕ್ಕೆ ಹುಡುಗನೊಬ್ಬ ಗುಂಡುಸೂಜಿ ಹಾಕಲು ಹೋದ. ಭಾಯಿ ಕೈ ಹಿಡಿದರು. ಉಕ್ಕಿನ ಮೊನೆ ಹಿತ್ತಾಳೆಯನ್ನು ಕೊರೆದು ರಂಧ್ರದ ಅಳತೆಯನ್ನೇ ಕೆಡಿಸುತ್ತದೆ. ವೈರಿನಿಂದ ಬಿಡಿಸಿದ ಒಂದೆಳೆ ತಾಮ್ರ ಸಾಕು. ಆಮೇಲೆ ಆ ಜೆಟ್ಟನ್ನು ಸೂರ್ಯನಿಗೆ ಹಿಡಿದು ಹುಡುಗರಿಗೆಲ್ಲ ತೋರಿಸಿದರು. ನಡುವೆ ದುಂಡನೆಯ ಬೆಳಕು.

ಟ್ಯಾಂಕಿನಿಂದ ಬರುವ ಪೈಪಿನ ನಡುವಿನ ರಬ್ಬರ್ ಬಲ್ಬು ಎಷ್ಟು ಅಮುಕಿದರೂ ಗಟ್ಟಿಯಾಗುತ್ತಿರಲಿಲ್ಲ. ಈಗಿನ ಪೆಟ್ರೋಲಿನಲ್ಲಿ 20 ಭಾಗ ಎಥನಾಲು. ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ, ಹಳೆಯ ಕಾಲದ ರಬ್ಬರನ್ನು ಮೆತ್ತಗೆ ಮಾಡುತ್ತದೆ. ಪೈಪು, ಬಲ್ಬು ಎರಡನ್ನೂ ಬದಲಿಸಿ, ಬಲ್ಬಿನ ಮೇಲಿನ ಬಾಣ ಇಂಜಿನ್ನಿನ ಕಡೆಗಿರುವಂತೆ ಜೋಡಿಸಿದರು. ಸೀಮೆಎಣ್ಣೆ ಈಗ ಸಿಗುವುದೇ ಕಷ್ಟವಾದ್ದರಿಂದ ಸದ್ಯಕ್ಕೆ ಬರೀ ಪೆಟ್ರೋಲು, ಲೀಟರಿಗೆ 20 ಮಿಲಿ ಟೂ-ಟಿ ಆಯಿಲು. ಸ್ಕೂಟರ್ ಕಾಲದ ಲೆಕ್ಕ ಅವರ ನಾಲಿಗೆಯ ತುದಿಯಲ್ಲಿತ್ತು.

ದಡದಲ್ಲಿ ನೀರು ತುಂಬಿದ ಡ್ರಮ್ಮಿಗೆ ಇಂಜಿನ್ನಿನ ಕಾಲನ್ನು ಇಳಿಸಿದರು. ಎರಡನೆಯ ಎಳೆತಕ್ಕೇ ಹತ್ತಿತು. ನೀಲಿ ಹೊಗೆ ಎದ್ದು, ಡ್ರಮ್ಮಿನ ನೀರು ಕುದಿದಂತೆ ಉಕ್ಕಿ, ಹುಡುಗರು ಶಿಳ್ಳೆ ಹೊಡೆಯುತ್ತಿದ್ದಂತೆ ಭಾಯಿ ಗುಂಡಿ ಒತ್ತಿ ನಿಲ್ಲಿಸಿಬಿಟ್ಟರು.

“ನೀರೆಲ್ಲಿ ಉಚ್ಕೊಂತಾ ಐತೆ ತೋರ್ಸು ನಂಗೆ.”

ಅವರು ಕೇಳಿದ್ದು ಇಂಜಿನ್ನಿನ ಹಿಂಬದಿಯ ಸಣ್ಣ ತೂತಿನಿಂದ ಚಿಮ್ಮಬೇಕಾದ ನೀರಿನ ಎಳೆಯನ್ನು. ಅದು ಬಂದರೆ ಕೆಳಗಿನ ಪಂಪು ನೀರೆತ್ತಿ ಸಿಲಿಂಡರನ್ನು ತಂಪು ಮಾಡುತ್ತಿದೆ ಎಂದು ಅರ್ಥ. ಬಾರದಿದ್ದರೆ ಕೆಲವೇ ನಿಮಿಷಗಳಲ್ಲಿ ಪಿಸ್ಟನ್ನು ಸೀಜು. ದೋಣಿ ಇಂಜಿನ್ನು ಕಾಣದ ಮನುಷ್ಯನಿಗೆ ಇದು ಹೊಳೆದದ್ದು ಹೇಗೆ? ಬದುಕೆಲ್ಲ ನೀರೆತ್ತುವ ಯಂತ್ರಗಳ ಜೊತೆ ಕಳೆದವರಿಗೆ ನೀರು ಬರುವ ಬಾಯಿಯ ಕಡೆಗೇ ಮೊದಲು ಕಣ್ಣು. ಕೆಳಗಿನ ಕಾಲನ್ನು ಬಿಚ್ಚಿದಾಗ ರಬ್ಬರಿನ ಇಂಪೆಲ್ಲರು ಕೈಗೆ ಬಂತು. ರೆಕ್ಕೆಗಳು ಒಂದೇ ಕಡೆಗೆ ಬಾಗಿ ಸೆಟೆದಿದ್ದವು, ಎರಡು ಮುರಿದೇ ಹೋಗಿದ್ದವು. ಮುರಿದ ಚೂರುಗಳು ಮೇಲಿನ ನೀರಿನ ದಾರಿಯಲ್ಲಿ ಉಪ್ಪಿನ ಹೆಪ್ಪಿನೊಂದಿಗೆ ಸಿಕ್ಕಿಕೊಂಡಿದ್ದವು. ಚೂರುಗಳನ್ನೆಲ್ಲ ಹುಡುಕಿ ತೆಗೆದು, ಹಳೆಯ ಇಂಪೆಲ್ಲರಿನ ಪಕ್ಕದಲ್ಲಿಟ್ಟು ಪೂರ್ತಿ ಆಯಿತೇ ಎಂದು ಜೋಡಿಸಿ ನೋಡಿದ ಆ ತಾಳ್ಮೆಗೆ ನಾನು ಮನಸಾರೆ ಕೈಮುಗಿದೆ.

ಗೇರ್ ಆಯಿಲ್ ಇಳಿಸಿದಾಗ ಬಂದದ್ದು ಮಜ್ಜಿಗೆ. ಒಳಗೆ ನೀರು ಸೇರಿದೆ. ಪಂಕ ಕಳಚಿದರೆ ಕಾರಣ ಕಣ್ಣೆದುರೇ ಇತ್ತು: ಯಾವುದೋ ಬಲೆಯ ನೈಲಾನ್ ದಾರ ಶಾಫ್ಟಿಗೆ ಸುತ್ತಿಕೊಂಡು ಒಳಗೊಳಗೇ ಆಯಿಲ್ ಸೀಲನ್ನು ಕೊಯ್ದಿತ್ತು. ಇಂಪೆಲ್ಲರಿಗೆ ಮಲ್ಪೆಗೆ ಫೋನು ಹೋಯಿತು. ರಾತ್ರಿ ಬಸ್ಸಿನ ಪಾರ್ಸೆಲಿನಲ್ಲಿ ಬಂತು. ಸೀಲಿಗೆ ಅಷ್ಟು ದೂರ ಹೋಗಬೇಕಾಗಲಿಲ್ಲ. ಒಳವ್ಯಾಸ, ಹೊರವ್ಯಾಸ, ದಪ್ಪ ಮೂರನ್ನೂ ಮಿಲಿಮೀಟರಿನಲ್ಲಿ ಅಳೆದು ಕೊಟ್ಟರೆ, ಚನ್ನಪಟ್ಟಣದ ಪಂಪ್‌ಸೆಟ್ ಸಾಮಾನಿನ ಅಂಗಡಿಯಲ್ಲೇ ಅದೇ ಅಳತೆಯದು ಸಿಕ್ಕಿತು. ಎಳೆಯುವ ಹಗ್ಗದ ಒಡೆದ ಹಿಡಿಗೆ ಬದಲು ಗೊಂಬೆ ಮಾಡುವವರ ಲೇತಿನಲ್ಲಿ ಆಲೆ ಮರದ ಹಿಡಿಯೊಂದನ್ನು ಕಡೆಸಿ, ಕೆಂಪು ಅರಗು ಹಚ್ಚಿಸಿ ತಂದರು. ಬೆವರಿದ ಅಂಗೈಗೆ ಅದು ಪ್ಲಾಸ್ಟಿಕ್ಕಿಗಿಂತ ಎಷ್ಟೋ ಹಿತ.

ಮಿಲ್ವಾಕಿಯಲ್ಲಿ ಓಲೆ ಎವಿನ್‌ರೂಡ್ 1909ರಲ್ಲಿ ಇಂಥ ಮೋಟಾರನ್ನು ಮಾರಲು ಹೊರಟ ಕಾಲದಿಂದ ಇದರ ಮೂಲ ಹೆಚ್ಚು ಬದಲಾಗಿಲ್ಲ: ದೋಣಿಯ ಹಿಂಭಾಗಕ್ಕೆ ಕಚ್ಚಿಸಿ, ಬೇಡವಾದಾಗ ಬಿಚ್ಚಿ ಹೊತ್ತೊಯ್ಯುವ ಇಂಜಿನ್ನು. ಅದನ್ನು ಸರಿಮಾಡುವ ಬುದ್ಧಿ ಮಾತ್ರ ಊರೂರಿನಲ್ಲಿ ಬೇರೆ ಬೇರೆ ಕೆಲಸಗಳಿಂದ ಬೆಳೆದು ಬರುತ್ತದೆ. ಟೂ-ಸ್ಟ್ರೋಕ್ ಬೈಕು ರಸ್ತೆಯಿಂದ ಹೋಯಿತು, ಡೀಸೆಲ್ ಪಂಪಿನ ಜಾಗಕ್ಕೆ ಸಬ್‌ಮರ್ಸಿಬಲ್ ಬಂತು. ಈ ಕೈಗಳಿಗೆ ಶಿಷ್ಯರು ಸಿಗುತ್ತಿಲ್ಲ. ಇದು ನನಗೆ ನಿಜವಾದ ಸಂಕಟ. ಬಿಚ್ಚುವುದನ್ನು ಯಾರಾದರೂ ಕಲಿತಾರು. ಒಂದೊಂದೇ ಅನುಮಾನವನ್ನು ಪರೀಕ್ಷಿಸಿ ದಾಟುವ ಈ ಕ್ರಮ ಪಕ್ಕದಲ್ಲಿ ಕೂತು ನೋಡದೆ ಬರುವಂಥದ್ದಲ್ಲ.

ಇಂಜಿನ್ನು ಹೊತ್ತ ದೋಣಿ ನೀರಿನ ನಡುವಿಗೆ ಹೋಗಿ ತಿರುಗಿ ಬಂತು. ಹಿಂದೆ ನೀರಿನ ಎಳೆ ಬಿಡದೆ ಚಿಮ್ಮುತ್ತಿತ್ತು. ಮುಳುಗಿದ ಮರದ ಬುಡಗಳಿರುವ ಕಡೆ ಇಂಜಿನ್ನನ್ನು ಮೇಲಕ್ಕೆ ಮಡಚಿ ಹುಟ್ಟು ಹಾಕಿ ಎಂದರು ಭಾಯಿ. ಸಂಜೆ ನಿಲ್ಲಿಸುವಾಗ ಪೆಟ್ರೋಲ್ ಪೈಪನ್ನು ಕಳಚಿ, ಕಾರ್ಬೋರೇಟರು ಒಣಗಿ ತಾನೇ ನಿಲ್ಲುವವರೆಗೆ ಓಡಿಸಬೇಕೆಂದರು. ಸ್ಪಾನರುಗಳನ್ನು ಚೀಲಕ್ಕೆ ತುಂಬುತ್ತ, ಹೆಚ್ಚು ಪ್ರಶ್ನೆ ಕೇಳುತ್ತಿದ್ದ ಹುಡುಗನನ್ನು ಹತ್ತಿರ ಕರೆದರು.

“ಹದಿನೈದು ದಿನ ಆದ್ಮೇಲೆ ಗೇರ್ ಆಯಿಲ್ ಇನ್ನೊಂದ್ಸಲ ಇಳ್ಸು ಮಗಾ. ಮತ್ತೆ ಬೆಳ್ಳುಗಿದ್ರೆ ಸೀಲು ಕೂತಿಲ್ಲ ಅಂತ. ಆಗ ನನ್ನ ಕರೀಬ್ಯಾಡ, ನೀನೇ ಬಿಚ್ಚು. ನಾನ್ ಬಂದು ಪಕ್ಕದಲ್ಲಿ ಕೂತ್ಕೊಂತೀನಿ.”