ಕೊಯಮತ್ತೂರು, ತಿರುಪ್ಪೂರಿನಲ್ಲಿ ಎಡಿಟಿಂಗ್ ಮತ್ತು ಧ್ವನಿ: ಒಂದೇ ಮೇಜಿನ ಎರಡು ಕಸುಬು

ನನ್ನ ವಿಷಯ, ವಿಡಿಯೋ ಎಡಿಟಿಂಗ್ ಮತ್ತು ಧ್ವನಿ ತಂತ್ರಜ್ಞಾನದಲ್ಲಿ ಸಿಗುವ ಕೆಲಸ. ಚೆನ್ನೈಗೋ ಬೆಂಗಳೂರಿಗೋ ಹೋಗದೆ ಇದರಲ್ಲಿ ಬದುಕೋಕಾಗಲ್ಲ ಅಂತ ನಾವೆಲ್ಲ ಅಂದುಕೊಂಡಿರ್ತೀವಿ. ನನ್ನ ವಾದ ಬೇರೆ. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲೂ ಕೆಲಸ ಇದೆ. ಆದರೆ ಚಿತ್ರ ಜೋಡಿಸುವುದನ್ನು ಮಾತ್ರ ಕಲಿತವರಿಗಿಂತ, ಧ್ವನಿಯನ್ನೂ ಕಲಿತವರು ಇಲ್ಲಿ ಗಟ್ಟಿಯಾಗಿ ನಿಲ್ಲುತ್ತಾರೆ.

ಮೊದಲು ಸ್ವಲ್ಪ ಇತಿಹಾಸ. 1930ರ ದಶಕದಲ್ಲೇ ಕೊಯಮತ್ತೂರಿನಲ್ಲಿ ಸೆಂಟ್ರಲ್ ಸ್ಟುಡಿಯೋ ಶುರುವಾಗಿತ್ತು. ಆಮೇಲೆ ಎಸ್. ಎಂ. ಶ್ರೀರಾಮುಲು ನಾಯ್ಡು ಅವರ ಪಕ್ಷಿರಾಜ ಸ್ಟುಡಿಯೋ ಬಂತು. ನಾಯ್ಡು 1954ರಲ್ಲಿ ತಮಿಳಿನಲ್ಲಿ ‘ಮಲೈಕ್ಕಳ್ಳನ್’ ತೆಗೆದರು. ಅದೇ ಕಥೆ 1955ರಲ್ಲಿ ಹಿಂದಿಯ ‘ಆಜಾದ್’, 1957ರಲ್ಲಿ ಕನ್ನಡದ ‘ಬೆಟ್ಟದ ಕಳ್ಳ’ ಆಯಿತು. ಇವು ಡಬ್ಬಿಂಗ್ ಅಲ್ಲ, ಬೇರೆ ಬೇರೆ ನಟರನ್ನಿಟ್ಟುಕೊಂಡು ಮತ್ತೆ ತೆಗೆದ ಚಿತ್ರಗಳು. ಅಂದರೆ ಪ್ರತಿ ಭಾಷೆಗೂ ಹೊಸದಾಗಿ ಧ್ವನಿಗ್ರಹಣ, ಹೊಸದಾಗಿ ಸಂಕಲನ. ಮುಂದೆ ನಾಯ್ಡು ಬೆಂಗಳೂರಿಗೆ ಬಂದು ಚಾಮುಂಡೇಶ್ವರಿ ಸ್ಟುಡಿಯೋ ಕಟ್ಟಿದರು. ತಮಿಳು ಸಿನಿಮಾದ ಕೆಲಸವೂ ಮದ್ರಾಸಿನಲ್ಲಿ ಕೇಂದ್ರೀಕೃತವಾಯಿತು. ಸ್ಟುಡಿಯೋ ಹೋದರೆ ಊರಿನ ಕೆಲಸವೂ ಹೋಗುತ್ತಿದ್ದ ಕಾಲ ಅದು.

ಈಗ ಹಾಗಿಲ್ಲ. ಇಲ್ಲಿ ಕೆಲಸ ಕೊಡುವವರು ಸಿನಿಮಾದವರಲ್ಲ. ತಿರುಪ್ಪೂರಿನ ಬನಿಯನ್ ಕಂಪನಿಗಳು, ಪಂಪು ಮತ್ತು ಮೋಟಾರು ತಯಾರಕರು, ಆಸ್ಪತ್ರೆ, ಕಾಲೇಜು, ಜವಳಿ ಅಂಗಡಿ, ಮದುವೆ ಮನೆ. ಇಂಥ ಕಡೆ ಎಡಿಟರ್ ಒಬ್ಬ, ಸೌಂಡ್ ಇಂಜಿನಿಯರ್ ಇನ್ನೊಬ್ಬ ಅಂತ ಇಬ್ಬರನ್ನು ಇಟ್ಟುಕೊಳ್ಳೋದು ಅಪರೂಪ.

ಒಂದು ಉದಾಹರಣೆ ನೋಡೋಣ. ಹೊರದೇಶದ ಖರೀದಿದಾರರಿಗೆ ತೋರಿಸಲು ಬನಿಯನ್ ಕಂಪನಿಯೊಂದಕ್ಕೆ ಮೂರು ನಿಮಿಷದ ವಿಡಿಯೋ ಬೇಕು. ಮ್ಯಾನೇಜರ್ ಹೆಣಿಗೆ ಯಂತ್ರದ ಪಕ್ಕ ನಿಂತು ಮಾತಾಡ್ತಾರೆ. ಮೈಕು ಬಾಯಿಂದ 60 ಸೆಂಟಿಮೀಟರ್ ದೂರದಲ್ಲಿದೆ ಅನ್ನಿ. ಅದನ್ನು 30ಕ್ಕೆ ತಂದರೆ ಮಾತು ಸುಮಾರು 6 ಡೆಸಿಬೆಲ್ ಏರುತ್ತದೆ, ಯಂತ್ರದ ಸದ್ದು ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಯಾವ ಸಾಫ್ಟ್‌ವೇರೂ ಆಮೇಲೆ ಇಷ್ಟು ಸಲೀಸಾಗಿ ಈ ಲಾಭ ಕೊಡಲ್ಲ. ಇನ್ನೊಂದು: ಮಾತಿನ ನಡುವಿನ ತೊದಲನ್ನು ಕತ್ತರಿಸಿದಾಗ ಹಿನ್ನೆಲೆ ಸದ್ದು ತಟ್ಟನೆ ಹಾರಿದಂತೆ ಕೇಳುತ್ತದೆ. ಅದಕ್ಕೇ ಯಾರೂ ಮಾತಾಡದೆ ಆ ಜಾಗದ ಸದ್ದನ್ನು 30 ಸೆಕೆಂಡು ಮುದ್ರಿಸಿಕೊಳ್ಳಬೇಕು. ಕತ್ತರಿಸಿದ ಕಡೆ ಕೆಳಗೆ ಅದನ್ನು ಹಾಸಬೇಕು. ನೋಡುವವರು ‘ಎಡಿಟಿಂಗ್ ಚೆನ್ನಾಗಿಲ್ಲ’ ಅನ್ನುವಾಗ ಎಷ್ಟೋ ಸಲ ತಪ್ಪಿರುವುದು ಚಿತ್ರದಲ್ಲಲ್ಲ, ಇಂಥ ಸದ್ದಿನಲ್ಲಿ.

ಈ ಜಿಲ್ಲೆಗಳ ಕನ್ನಡದ ಮನೆಗಳಿಗೆ ಇನ್ನೊಂದು ದಾರಿಯೂ ಇದೆ. ದೇವಾಂಗರು, ಒಕ್ಕಲಿಗರು ಮುಂತಾದವರಲ್ಲಿ ಮನೆಮಾತು ಕನ್ನಡ, ಶಾಲೆ ಮತ್ತು ಬೀದಿಯಲ್ಲಿ ತಮಿಳು. ಕರ್ನಾಟಕದಲ್ಲಿ ದಶಕಗಳ ಕಾಲ ಡಬ್ಬಿಂಗಿಗೆ ಅಘೋಷಿತ ತಡೆ ಇತ್ತು. 2015ರಲ್ಲಿ ಭಾರತದ ಸ್ಪರ್ಧಾ ಆಯೋಗ ಅದರ ವಿರುದ್ಧ ಆದೇಶ ಕೊಟ್ಟಿತು. ಆಮೇಲೆ ಡಬ್ ಆದ ಚಿತ್ರಗಳು ಚಿತ್ರಮಂದಿರಕ್ಕೆ ಬಂದವು. ಡಬ್ಬಿಂಗಿನಲ್ಲಿ ಪ, ಬ, ಮ ಬರುವಲ್ಲಿ ತುಟಿ ಮುಚ್ಚಬೇಕು. ಸೆಕೆಂಡಿಗೆ 24 ಫ್ರೇಮ್ ಇರುವಾಗ ಒಂದು ಫ್ರೇಮ್ ಅಂದರೆ ಸುಮಾರು 42 ಮಿಲಿಸೆಕೆಂಡು. ಎರಡು ಮೂರು ಫ್ರೇಮ್ ಜಾರಿದರೆ ಕಣ್ಣಿಗೆ ಗೊತ್ತಾಗುತ್ತದೆ. ಎರಡೂ ಭಾಷೆ ಬಲ್ಲ ಕಿವಿಗೆ ಇಲ್ಲಿ ಬೆಲೆ ಇದೆ. ಆದರೆ ಮನೆಗನ್ನಡದ ಜೊತೆಗೆ ಬರಹದ ಕನ್ನಡವನ್ನೂ ಕಲಿತಿರಬೇಕು.

ಹಾಗಾದ್ರೆ ಕೋರ್ಸ್ ಆರಿಸೋದು ಹೇಗೆ? ಅಪ್ಪ ಅಮ್ಮ ಸಾಲ ಮಾಡಿ ಫೀಸು ಕಟ್ಟುವ ಮೊದಲು ಮೂರು ಪ್ರಶ್ನೆ ಕೇಳಿ. ಸಾಫ್ಟ್‌ವೇರ್ ಗುಂಡಿಗಳಷ್ಟನ್ನೇ ಹೇಳಿಕೊಡ್ತಾರಾ, ಮೈಕು ಹಿಡಿದು ಮುದ್ರಿಸಲೂ ಕಲಿಸ್ತಾರಾ? ವಾರಕ್ಕೆ ಎಷ್ಟು ಗಂಟೆ ಹೆಡ್‌ಫೋನ್ ಹಾಕಿ ಕೂರಲು ಸಿಗುತ್ತದೆ? ಮುಗಿಯುವ ಹೊತ್ತಿಗೆ ನನ್ನದೇ ಅಂತ ತೋರಿಸಬಹುದಾದ ಎಷ್ಟು ಕೆಲಸ ಕೈಯಲ್ಲಿರುತ್ತದೆ? ಸಾಫ್ಟ್‌ವೇರ್ ಬದಲಾಗುತ್ತಲೇ ಇರುತ್ತದೆ. ಕೇಳಿಸಿಕೊಳ್ಳುವ ಅಭ್ಯಾಸವನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ, ಒಂದು ಊರಿಂದ ಇನ್ನೊಂದಕ್ಕೆ ಜೊತೆಗೇ ಒಯ್ಯಬಹುದು.

ಇಲ್ಲಿಗೆ ನಿಲ್ಲಿಸ್ತೀನಿ. ಪ್ರಶ್ನೆಗಳಿದ್ದರೆ ದಯವಿಟ್ಟು ಕೇಳಿ.