ಮೈಕ್ ಸೆಟ್ಟು ಮತ್ತು ಮನೆಮಾತು

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಯಾವ ಊರಿನಲ್ಲಾದರೂ ಸರಿಯೆ, ಅಮ್ಮನ ಹಬ್ಬ ಬಂತೆಂದರೆ ಮೊದಲು ಬರುವುದು ದೇವಿಯ ಸವಾರಿಯಲ್ಲ, ಮೈಕ್ ಸೆಟ್ಟಿನವನ ಗಾಡಿ. ಬೇವಿನ ಕೊಂಬೆಗೂ ಬಿದಿರ ಗಳುವಿಗೂ ಕಹಳೆಯಾಕಾರದ ಧ್ವನಿವರ್ಧಕಗಳನ್ನು ಬಿಗಿದು, ಚಪ್ಪರದ ಮೂಲೆಯಲ್ಲಿ ಆಂಪ್ಲಿಫೈಯರನ್ನಿರಿಸಿ, ನಸುಕಿನಲ್ಲಿ ಅವನೊಂದು ಭಕ್ತಿಗೀತೆಯನ್ನು ಹಚ್ಚಿದನೆಂದರೆ ಹಬ್ಬ ಪ್ರಾರಂಭವಾದಂತೆಯೇ.

ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯ ಚೌಡಮ್ಮನ ಹಬ್ಬದಲ್ಲಿ ಹೀಗೊಂದು ಸಂಗತಿ ನಡೆಯಿತು. ಸಂಜೆಯ ಪೂಜೆಯ ಹೊತ್ತಿಗೆ ವಿದ್ಯುತ್ತು ಹೋಗಿ, ಚಲನಚಿತ್ರದ ಹಾಡು ಅರ್ಧದಲ್ಲೇ ನಿಂತಿತು. ಆ ಮೌನದಲ್ಲಿ, ಗುಡಿಯ ಜಗಲಿಯ ಮೇಲೆ ಕುಳಿತಿದ್ದ ಎಂಬತ್ತು ದಾಟಿದ ಅಜ್ಜಿಯೊಬ್ಬರು ತಮ್ಮ ಪಾಡಿಗೆ ತಾವು ಅಮ್ಮನ ಮೇಲಿನ ಹಾಡೊಂದನ್ನು ಹೇಳತೊಡಗಿದರು. ಹಳೆಯ ಕನ್ನಡ ಪದಗಳೂ ಕೊಂಗುನಾಡಿನ ತಮಿಳು ಪದಗಳೂ ಒಂದರೊಳಗೊಂದು ಬೆರೆತ, ನಮ್ಮ ಮನೆಗಳೊಳಗೆ ಮಾತ್ರ ಕೇಳಿಬರುವ ಕನ್ನಡ ಅದು. ವಿದ್ಯುತ್ತು ಮರಳಿದಾಗ ಮೈಕ್ ಸೆಟ್ಟಿನ ತಮಿಳು ಹುಡುಗ ನಿಂತ ಹಾಡನ್ನು ಮುಂದುವರಿಸಲಿಲ್ಲ. ಮೈಕನ್ನು ತಂತಿಸಮೇತ ಎತ್ತಿ ತಂದು, "ಪಾಟಿ, ಇದರಲ್ಲಿ ಹಾಡಿ" ಎಂದು ತನ್ನ ಭಾಷೆಯಲ್ಲಿ ಕೇಳಿಕೊಂಡ. ಅಜ್ಜಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, "ಬೇಡ ಕಣ್ಣು, ಇದು ಮನೆಯೊಳಗಿನ ಮಾತು, ಮೈಕಿಗೆ ಆಗದು" ಎಂದುಬಿಟ್ಟರು. ಹಾಡು ಅಲ್ಲಿಗೇ ನಿಂತಿತು.

ಮನೆಯೊಳಗಿನ ಮಾತು ಮೈಕಿಗೆ ಆಗದೆ? ಈ ಪ್ರಶ್ನೆ ಬಹುಕಾಲ ನನ್ನನ್ನು ಕಾಡಿತು. ಅದಕ್ಕೊಂದು ಉತ್ತರ ದೊರೆತದ್ದು ನಮಗೆ ಬಹುದೂರವಾದ ಜಮೈಕ ದ್ವೀಪದ ಸಂಗೀತದ ಕಥೆಯಲ್ಲಿ. ರೆಗೆ ಎಂದೂ, ಅದರ ಕವಲಾದ ಡಬ್ ಎಂದೂ ಜಗತ್ತು ಕರೆಯುವ ಆ ಸಂಗೀತ ಹುಟ್ಟಿದುದು ಅರಮನೆಯಲ್ಲಲ್ಲ, ಸಭಾಮಂದಿರದಲ್ಲೂ ಅಲ್ಲ. ಮೈಕ್ ಸೆಟ್ಟಿನ ಮುಂದೆ.

ಕಿಂಗ್‌ಸ್ಟನ್ನಿನ ಬೀದಿಗಳಲ್ಲಿ

ಜಮೈಕ ಕೆರಿಬಿಯನ್ ಸಮುದ್ರದ ಒಂದು ಸಣ್ಣ ದ್ವೀಪ. ಅಲ್ಲಿನ ಜನಸಂಖ್ಯೆ ಮೂವತ್ತು ಲಕ್ಷವನ್ನು ಮುಟ್ಟಿಲ್ಲ. 2011ರ ಜನಗಣತಿಯಂತೆ ನಮ್ಮ ಕೊಯಮತ್ತೂರು ಜಿಲ್ಲೆಯೊಂದರದೇ 34 ಲಕ್ಷಕ್ಕೆ ಮಿಗಿಲು. ಕಬ್ಬಿನ ತೋಟಗಳಲ್ಲಿ ದುಡಿಯಲೆಂದು ಆಫ್ರಿಕದಿಂದ ಸೆರೆತಂದ ಗುಲಾಮರ ಸಂತತಿಯವರೇ ಅಲ್ಲಿ ಬಹುಸಂಖ್ಯಾತರು. ಬ್ರಿಟಿಷರ ಆಳ್ವಿಕೆಯಿಂದ ಆ ದೇಶ ಸ್ವತಂತ್ರವಾದುದು 1962ರ ಆಗಸ್ಟ್ 6ರಂದು.

1940ರ ದಶಕದ ಕೊನೆಯಿಂದ ರಾಜಧಾನಿ ಕಿಂಗ್‌ಸ್ಟನ್ನಿನ ಬಡ ಕೇರಿಗಳಲ್ಲಿ ಒಂದು ಹೊಸ ಉದ್ಯೋಗ ತಲೆಯೆತ್ತಿತು. ರೇಡಿಯೋ ಕೊಳ್ಳಲೂ ವಾದ್ಯಗಾರರನ್ನು ಕರೆಸಲೂ ಶಕ್ತಿಯಿಲ್ಲದ ಜನರಿಗಾಗಿ ಕೆಲವರು ಗ್ರಾಮಫೋನ್ ತಟ್ಟೆಗಳನ್ನೂ ಆಂಪ್ಲಿಫೈಯರನ್ನೂ ಆಳೆತ್ತರದ ಧ್ವನಿವರ್ಧಕ ಪೆಟ್ಟಿಗೆಗಳನ್ನೂ ಗಾಡಿಯಲ್ಲಿ ಹೇರಿಕೊಂಡು ಹೋಗಿ ಬಯಲಿನಲ್ಲಿ ಹೂಡುತ್ತಿದ್ದರು. ಇದನ್ನು ಅವರು 'ಸೌಂಡ್ ಸಿಸ್ಟಮ್' ಎಂದರು. ನಾವಾದರೆ ಮೈಕ್ ಸೆಟ್ಟು ಎನ್ನುತ್ತಿದ್ದೆವು. ಟಾಮ್ ವಾಂಗ್ ಎಂಬ ಚೀನೀ ಮೂಲದ ವ್ಯಾಪಾರಿ, ಪೊಲೀಸ್ ಕೆಲಸ ಬಿಟ್ಟು ಮದ್ಯದಂಗಡಿ ಇಟ್ಟ ಡ್ಯೂಕ್ ರೀಡ್, ಕಾಕ್ಸನ್ ಡಾಡ್ ಮೊದಲಾದವರು ಆ ಕಾಲದ ಪ್ರಸಿದ್ಧ ಸೆಟ್ಟುಗಳ ಒಡೆಯರು. ಮೊದಮೊದಲು ಅವರು ಹಾಕುತ್ತಿದ್ದುದು ಅಮೆರಿಕದ ತಟ್ಟೆಗಳನ್ನು. ಜನಕ್ಕೆ ರುಚಿಸುವಂಥ ತಟ್ಟೆಗಳು ಅಲ್ಲಿಂದ ಬರುವುದು ಕಡಿಮೆಯಾದಾಗ ಸ್ಥಳೀಯ ಗಾಯಕರಿಂದಲೇ ಹಾಡಿಸಿ ತಟ್ಟೆ ಮಾಡಿಸತೊಡಗಿದರು. ಡಾಡ್ 1963ರಲ್ಲಿ ತನ್ನದೇ 'ಸ್ಟುಡಿಯೋ ಒನ್' ಧ್ವನಿಮುದ್ರಣ ಕೇಂದ್ರವನ್ನು ತೆರೆದನು. ಸ್ಕಾ ಎಂಬ ವೇಗದ ಶೈಲಿ, ಬಳಿಕ ರಾಕ್‌ಸ್ಟೆಡಿ ಎಂಬ ಮಂದಗತಿಯ ಶೈಲಿ, 1968ರ ಸುಮಾರಿಗೆ ರೆಗೆ — ಹೀಗೆ ಒಂದರಿಂದೊಂದು ಹುಟ್ಟಿದವು. ಆ ವರ್ಷ ಟೂಟ್ಸ್ ಮತ್ತು ಮೇಟಲ್ಸ್ ತಂಡದವರು ಹೊರತಂದ ಹಾಡೊಂದರಿಂದ ಈ ಹೆಸರು ಜನಜನಿತವಾಯಿತು.

ಕಂಠ ಬಿಟ್ಟುಹೋದ ತಟ್ಟೆ

ಇನ್ನು ಡಬ್‌ನ ಜನನ. ಅದರ ಮೂಲದಲ್ಲಿರುವುದು ಒಂದು ಅಚಾತುರ್ಯ. 1960ರ ದಶಕದ ಕೊನೆಯಲ್ಲಿ ರಡ್ಡಿ ರೆಡ್‌ವುಡ್ ಎಂಬ ಸೆಟ್ಟಿನ ಒಡೆಯನಿಗಾಗಿ ಡ್ಯೂಕ್ ರೀಡನ ಕೇಂದ್ರದಲ್ಲಿ ಒಂದು ಜನಪ್ರಿಯ ಹಾಡಿನ ಪ್ರತಿಯನ್ನು ಕೊರೆಯುವಾಗ, ಅಲ್ಲಿನ ತಂತ್ರಜ್ಞನು ಗಾಯಕರ ಕಂಠವನ್ನು ಸೇರಿಸುವುದನ್ನು ಮರೆತನು. ತಟ್ಟೆಯಲ್ಲಿ ಉಳಿದುದು ವಾದ್ಯಗಳ ನಾದ ಮಾತ್ರ. ರೆಡ್‌ವುಡ್ ಅದನ್ನು ಎಸೆಯದೆ ಜನರ ಮುಂದೆಯೇ ಹಾಕಿದನು. ಹಾಡನ್ನು ಮೊದಲೇ ಬಲ್ಲ ಜನ, ಖಾಲಿ ಬಿದ್ದ ಜಾಗವನ್ನು ತಮ್ಮ ಕಂಠದಿಂದಲೇ ತುಂಬಿ ಹಾಡಿದರಂತೆ! ಅಂದಿನಿಂದ ತಟ್ಟೆಯ ಒಂದು ಮಗ್ಗುಲಲ್ಲಿ ಹಾಡು, ಇನ್ನೊಂದು ಮಗ್ಗುಲಲ್ಲಿ ಕಂಠವಿಲ್ಲದ 'ವರ್ಷನ್' — ಇದೇ ಜಮೈಕದ ರೂಢಿಯಾಯಿತು.

ಈ ರೂಢಿಯನ್ನು ಕಲೆಯ ಮಟ್ಟಕ್ಕೇರಿಸಿದವನು ಕಿಂಗ್ ಟಬ್ಬಿ ಎಂದು ಹೆಸರಾದ ಆಸ್ಬೋರ್ನ್ ರಡಕ್ (1941–1989). ಅವನು ಗಾಯಕನಲ್ಲ, ವಾದಕನೂ ಅಲ್ಲ. ರೇಡಿಯೋ ರಿಪೇರಿ ಮಾಡುವವನು. ನಮ್ಮೂರಿನ ಜಿ. ಡಿ. ನಾಯ್ಡು ಅವರು ಐದು ವಾಲ್ವಿನ ರೇಡಿಯೋವನ್ನು ಬರೀ 70 ರೂಪಾಯಿಗೆ ತಯಾರಿಸಬಲ್ಲೆನೆಂದು 1941ರಲ್ಲಿ ಸಾರಿದುದನ್ನು ಹಿರಿಯರಿಂದ ಕೇಳಿರುವ ಕೊಯಮತ್ತೂರಿನ ವಾಚಕರಿಗೆ, ತಂತಿ ಮತ್ತು ವಾಲ್ವುಗಳೊಡನೆ ಹೆಣಗಾಡುವ ಇಂಥವರ ಪ್ರತಿಭೆ ಎಂಥದೆಂದು ಬಿಡಿಸಿ ಹೇಳಬೇಕಿಲ್ಲ. ಟಬ್ಬಿ ತನ್ನ ಮನೆಯ ಸಣ್ಣ ಕೋಣೆಯಲ್ಲಿ, ಹಳೆಯ ಮಿಶ್ರಣಯಂತ್ರವೊಂದನ್ನಿಟ್ಟುಕೊಂಡು, ಸಿದ್ಧವಾದ ಹಾಡನ್ನು ಬಿಚ್ಚುತ್ತಿದ್ದನು. ಕಂಠವನ್ನು ತೆಗೆಯುವನು, ಗಿಟಾರನ್ನು ಒಂದು ಕ್ಷಣ ತೋರಿಸಿ ಮರೆಮಾಡುವನು, ಮಂದ್ರದ ಬೇಸ್ ನಾದವನ್ನೂ ಡ್ರಮ್ಮನ್ನೂ ಮಾತ್ರ ಉಳಿಸಿ, ಒಂದು ಪೆಟ್ಟನ್ನು ಗುಹೆಯೊಳಗಣ ಪ್ರತಿಧ್ವನಿಯಂತೆ ದೂರದೂರಕ್ಕೆ ಸಾಗಿಸುವನು. ಇದೇ ಡಬ್. ಲೀ ಪೆರ್ರಿ (1936–2021) ಎಂಬ ಇನ್ನೊಬ್ಬ ಪ್ರತಿಭಾವಂತನು 1973ರಲ್ಲಿ ಕಟ್ಟಿದ 'ಬ್ಲ್ಯಾಕ್ ಆರ್ಕ್' ಕೇಂದ್ರದಲ್ಲಿ ಈ ವಿದ್ಯೆಯನ್ನು ಮತ್ತಷ್ಟು ಬೆಳೆಸಿದನು.

ಹಾಸು ಮತ್ತು ಹೊಕ್ಕು

ನಮ್ಮ ತಾಳಗಳಲ್ಲಿ ಆವರ್ತದ ಮೊದಲ ಪೆಟ್ಟಿಗೆ ಪ್ರಾಧಾನ್ಯ. ರೆಗೆಯ 'ಒನ್ ಡ್ರಾಪ್' ಎಂಬ ನಡೆಯಲ್ಲಿ ಆ ಮೊದಲ ಪೆಟ್ಟನ್ನೇ ಬಿಟ್ಟುಬಿಡುವರು. ನಾಲ್ಕೆಣಿಕೆಯ ಮೂರನೆಯದರಲ್ಲಿ ಭಾರವಾದ ಪೆಟ್ಟು ಬೀಳುತ್ತದೆ. ಗಿಟಾರು ಎಣಿಕೆಗಳ ನಡುವಣ ಸಂದಿಯಲ್ಲಿ ಮಿಡಿಯುತ್ತದೆ. ಕೇಳುವವನ ಮೈ ಆ ಬಿಟ್ಟ ಜಾಗವನ್ನು ತಾನೇ ತುಂಬಿಕೊಳ್ಳುತ್ತ ತೂಗತೊಡಗುತ್ತದೆ.

ಇನ್ನೊಂದು ವಿಶೇಷವುಂಟು. ಬೇಸ್ ಮತ್ತು ಡ್ರಮ್ಮುಗಳ ಒಂದೇ ಹೆಣಿಗೆಯ ಮೇಲೆ ಹತ್ತಾರು ಮಂದಿ ಬೇರೆ ಬೇರೆ ಹಾಡುಗಳನ್ನು ಹಾಡುವರು. ಆ ಹೆಣಿಗೆಗೆ 'ರಿದಿಮ್' ಎಂದು ಹೆಸರು. ಮಗ್ಗದ ಮುಂದೆ ಬೆಳೆದ ನಮ್ಮ ದೇವಾಂಗ ಮನೆಗಳವರಿಗೆ ಇದನ್ನು ಹೀಗೆ ವಿವರಿಸಬಹುದು: ರಿದಿಮ್ ಎಂಬುದು ಹಾಸು, ಅದರ ಮೇಲೆ ಬರುವ ಕಂಠ ಹೊಕ್ಕು. ಹಾಸು ಒಂದೇ ಆದರೂ ಹೊಕ್ಕಿನ ನೂಲಿನ ಬಣ್ಣಕ್ಕೆ ತಕ್ಕಂತೆ ಸೀರೆ ಬೇರೆಯಾಗುತ್ತದೆ. ನಮ್ಮ ಹೆಂಗಸರೂ ಮದುವೆಯ ಸೋಬಾನೆಯ ಒಂದೇ ಧಾಟಿಯಲ್ಲಿ ವಧುವಿಗೊಂದು, ಬೀಗರಿಗೊಂದು, ಭಾವನಿಗೊಂದು ಹಾಡು ಕಟ್ಟುತ್ತಿದ್ದುದು ಇದೇ ಕ್ರಮದಲ್ಲಲ್ಲವೆ?

ಮುರುಕು ಭಾಷೆಯ ಮಾನ

ಕಂಠ ತೆಗೆದ ತಟ್ಟೆಯಿಂದಾದ ಬಹುದೊಡ್ಡ ಉಪಕಾರವೆಂದರೆ ಮೈಕ್ ಹಿಡಿದವನಿಗೆ ಮಾತನಾಡಲು ಜಾಗ ದೊರೆತುದು. ಟಬ್ಬಿಯ ಸೆಟ್ಟಿನಲ್ಲಿ ಯು-ರಾಯ್ (1942–2021) ಎಂಬವನು ತಾಳಕ್ಕೆ ಸರಿಯಾಗಿ ಪ್ರಾಸಬದ್ಧ ಮಾತುಗಳನ್ನು ಹರಿಸುತ್ತಿದ್ದನು. 1970ರಲ್ಲಿ ಅವನ ತಟ್ಟೆಗಳು ಜಮೈಕದ ಜನಪ್ರಿಯತೆಯ ಪಟ್ಟಿಯ ಮೇಲ್ತುದಿಗೇರಿದವು. ಅವನು ಮಾತನಾಡಿದುದು ಯಾವ ಭಾಷೆಯಲ್ಲಿ? ಶಾಲೆಯ ಇಂಗ್ಲಿಷಿನಲ್ಲಲ್ಲ, ಆಫ್ರಿಕದ ನುಡಿಗಳೂ ಇಂಗ್ಲಿಷೂ ಬೆರೆತು ಗುಲಾಮರ ಗುಡಿಸಲುಗಳಲ್ಲಿ ಹುಟ್ಟಿದ 'ಪಟ್ವಾ' ಎಂಬ ಮನೆಮಾತಿನಲ್ಲಿ.

ಆ ಮಾತನ್ನು ವಿದ್ಯಾವಂತರು ಮುರುಕು ಇಂಗ್ಲಿಷ್ ಎಂದು ಹೀಗಳೆಯುತ್ತಿದ್ದರು. ಶಾಲೆಯಲ್ಲಿ ಅದಕ್ಕೆ ಸ್ಥಾನವಿರಲಿಲ್ಲ. ಇಂದಿಗೂ ಅಲ್ಲಿನ ಆಡಳಿತ ಭಾಷೆ ಇಂಗ್ಲಿಷೇ. ಆದರೂ 'ಮಿಸ್ ಲೂ' ಎಂದು ಪ್ರೀತಿಯಿಂದ ಕರೆಯಲ್ಪಟ್ಟ ಕವಯಿತ್ರಿ ಲೂಯಿಸ್ ಬೆನೆಟ್ (1919–2006) ವೇದಿಕೆಯಲ್ಲಿಯೂ ಬಾನುಲಿಯಲ್ಲಿಯೂ ಅದೇ ಮಾತಿನಲ್ಲಿ ಕವಿತೆ ಹೇಳಿ ಜನರ ಸಂಕೋಚವನ್ನು ಬಿಡಿಸಿದರು. ಸೌಂಡ್ ಸಿಸ್ಟಮ್ಮುಗಳು ಅದನ್ನು ಬೀದಿಬೀದಿಯಲ್ಲಿ ಮೊಳಗಿಸಿದವು. ಬಾಲ್ಯದಲ್ಲೇ ಜಮೈಕದಿಂದ ಲಂಡನ್ನಿಗೆ ಹೋದ ಲಿಂಟನ್ ಕ್ವೇಸಿ ಜಾನ್ಸನ್ ಡಬ್ ನಾದದ ಮೇಲೆ ಪಟ್ವಾ ಕವಿತೆಗಳನ್ನು ಓದಿದರು. 2002ರಲ್ಲಿ ಅವರ ಕವಿತೆಗಳು ಪೆಂಗ್ವಿನ್ ಸಂಸ್ಥೆಯ ಆಧುನಿಕ ಶ್ರೇಷ್ಠ ಕೃತಿಗಳ ಮಾಲೆಯಲ್ಲಿ ಪ್ರಕಟವಾದವು. 2012ರಲ್ಲಿ ಬೈಬಲ್ಲಿನ ಹೊಸ ಒಡಂಬಡಿಕೆಯೇ ಆ ಮಾತಿನಲ್ಲಿ ಅಚ್ಚಾಯಿತು. ಲಿಪಿಯೂ ಶಾಲೆಯೂ ಕೊಡದ ಮಾನವನ್ನು ಮೊದಲು ಕೊಟ್ಟುದು ಮೈಕು ಎಂಬುದನ್ನು ನಾವು ಗಮನಿಸಬೇಕು.

ದೇಶದೇಶಗಳಲ್ಲಿ

ಬಾಬ್ ಮಾರ್ಲಿಯ (1945–1981) ಹೆಸರನ್ನು ಕೇಳದವರು ವಿರಳ. 1980ರ ಏಪ್ರಿಲಿನಲ್ಲಿ ಜಿಂಬಾಬ್ವೆ ಸ್ವತಂತ್ರವಾದಾಗ ಆ ಸಂಭ್ರಮದ ವೇದಿಕೆಯಲ್ಲಿ ಹಾಡಿದವನು ಅವನೇ. ಮಾರ್ಲಿ ಮೊದಲಾದವರ ಜಡೆಗೂದಲು ಅವರು ನಂಬಿದ ರಾಸ್ತಫಾರಿ ಮತದ ಗುರುತು. ಆ ಮತದವರ ಗಾಂಜಾ ಸೇವನೆಯನ್ನೇ ಮುಂದುಮಾಡಿ ಇಡೀ ಸಂಗೀತವನ್ನು ಅಳೆಯುವುದು ನ್ಯಾಯವಲ್ಲ. ದುಡಿಯುವವನ ನೋವು ಮತ್ತು ಮಾನಗಳೇ ಅದರ ತಿರುಳು.

ವಲಸೆ ಹೋದ ಜಮೈಕನ್ನರು ಹೋದೆಡೆಗೆಲ್ಲ ತಮ್ಮ ಸೆಟ್ಟುಗಳನ್ನು ಒಯ್ದರು. ಲಂಡನ್ನಿನಲ್ಲಿ ಜಾ ಶಾಕ ದಶಕಗಳ ಕಾಲ ಡಬ್ ಮೊಳಗಿಸಿ 2023ರಲ್ಲಿ ತೀರಿಕೊಂಡರು. ಕಿಂಗ್‌ಸ್ಟನ್ನಿನಲ್ಲಿ ಹುಟ್ಟಿದ ಕ್ಲೈವ್ ಕ್ಯಾಂಬೆಲ್ ಎಂಬ ತರುಣ 1973ರ ಆಗಸ್ಟಿನಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಕೇರಿಯಲ್ಲಿ ಹೂಡಿದ ಸೆಟ್ಟಿನಿಂದಲೇ ಇಂದು ಮಕ್ಕಳೆಲ್ಲ ಗುನುಗುವ ಹಿಪ್-ಹಾಪ್ ಪ್ರಾರಂಭವಾಯಿತೆನ್ನುತ್ತಾರೆ. ಬ್ರೆಜಿಲಿನ ಸಾವ್ ಲೂಯಿಸ್ ನಗರದಲ್ಲಿ 'ರಾದಿಯೋಲ' ಎಂಬ ಬೃಹತ್ ಸೆಟ್ಟುಗಳ ಮುಂದೆ ಜನ ರೆಗೆಗೆ ಜೋಡಿಯಾಗಿ ಕುಣಿಯುವರು. ಹಾಡಿನ ಇಂಗ್ಲಿಷ್ ತಿಳಿಯದಿದ್ದರೂ ಅವಕ್ಕೆ ತಮ್ಮ ಭಾಷೆಯ ಹೆಸರುಗಳನ್ನಿಟ್ಟುಕೊಂಡಿದ್ದಾರೆ. ಅಲ್ಲಿ 2018ರಲ್ಲಿ ರೆಗೆಗೆಂದೇ ಒಂದು ವಸ್ತುಸಂಗ್ರಹಾಲಯ ತೆರೆಯಿತು. ಜಪಾನಿನ ಯೊಕೊಹಾಮದ 'ಮೈಟಿ ಕ್ರೌನ್' ತಂಡ 1999ರಲ್ಲಿ ನ್ಯೂಯಾರ್ಕಿನ ಸ್ಪರ್ಧೆಯಲ್ಲಿ ಜಮೈಕನ್ನರನ್ನೇ ಸೋಲಿಸಿತು. 2018ರ ನವೆಂಬರಿನಲ್ಲಿ ಯುನೆಸ್ಕೋ ಸಂಸ್ಥೆಯು ಜಮೈಕದ ರೆಗೆಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ನಮಗೂ ನಂಟುಂಟು

ಗುಲಾಮಗಿರಿ ರದ್ದಾದ ಮೇಲೆ ಕಬ್ಬಿನ ತೋಟಗಳಿಗೆ ಕೂಲಿಗಳನ್ನು ಕರೆದೊಯ್ದುದು ನಮ್ಮ ದೇಶದಿಂದಲೇ. 1845ರ ಮೇ 10ರಂದು ಮೊದಲ ಹಡಗು ಜಮೈಕ ತಲಪಿತು. 1917ರವರೆಗೆ ಸುಮಾರು 36,000 ಭಾರತೀಯರು ಹೋದರು; ಹೆಚ್ಚಿನವರು ಉತ್ತರದವರಾದರೂ ಮದರಾಸಿನಿಂದ ಹಡಗು ಹತ್ತಿದವರೂ ಇದ್ದರು. ಅವರು ಆಡುತ್ತಿದ್ದ ಭಾಷೆಗಳು ಅಲ್ಲಿ ಬಹುಮಟ್ಟಿಗೆ ಅಳಿದು, ಕೆಲವು ಪದಗಳಷ್ಟೇ ಉಳಿದಿವೆ.

ನಮ್ಮ ಕಾಲಕ್ಕೆ ಬಂದರೆ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಪಂಜಾಬಿ ಮನೆಯಲ್ಲಿ ಹುಟ್ಟಿದ 'ಅಪಾಚೆ ಇಂಡಿಯನ್' ಪಟ್ವಾಕ್ಕೆ ಪಂಜಾಬಿಯನ್ನು ಬೆರೆಸಿ ಹಾಡಿ ಹೆಸರಾದರು. 1996ರ 'ಲವ್ ಬರ್ಡ್ಸ್' ಎಂಬ ತಮಿಳು ಚಿತ್ರದಲ್ಲಿ ಎ. ಆರ್. ರೆಹಮಾನರ ಸಂಗೀತಕ್ಕೆ ಅವರು ಹಾಡಿದ ಹಾಡು ನಮ್ಮ ಮೈಕ್ ಸೆಟ್ಟುಗಳಿಗೆ ಅಪರಿಚಿತವೇನಲ್ಲ. ಆ ಚಿತ್ರದ ನಾಯಕ ಪ್ರಭುದೇವ, ಮೈಸೂರು ಜಿಲ್ಲೆಯ ಮೂಗೂರಿನ ಸುಂದರ್ ಮಾಸ್ತರರ ಮಗ ಎಂಬುದನ್ನು ನೆನೆದರೆ ಕನ್ನಡಿಗರಿಗೆ ಕೊಂಚ ಹೆಮ್ಮೆಯೂ ಆದೀತು. 2009ರಲ್ಲಿ ದೆಹಲಿಯಲ್ಲಿ 'ರೆಗೆ ರಾಜಾಸ್' ತಂಡ ಹುಟ್ಟಿತು. 2016ರಲ್ಲಿ ಗೋವೆಯಲ್ಲಿ ಮೊದಲ ರೆಗೆ ಉತ್ಸವ ನಡೆಯಿತು.

ನಮ್ಮ ಚಪ್ಪರದಲ್ಲಿ

1956ರವರೆಗೆ ಕೊಳ್ಳೇಗಾಲವೂ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಗಡಿರೇಖೆ ಎಳೆದಾಗ ಮಾದೇಶ್ವರನ ಬೆಟ್ಟ ಅತ್ತ ಹೋಯಿತು, ನಾವು ಇತ್ತ ಉಳಿದೆವು. ಅಲ್ಲಿ ಕಂಸಾಳೆಯವರು ತಮ್ಮ ಊರಿನ ಆಡುನುಡಿಯಲ್ಲೇ ಮಾದಪ್ಪನ ಕಥೆಯನ್ನು ರಾತ್ರಿಯಿಡೀ ಹಾಡುವರು. ಅದನ್ನು ಯಾರೂ ಮುರುಕು ಕನ್ನಡವೆನ್ನುವುದಿಲ್ಲ. ಇಲ್ಲಿ ನಮ್ಮ ಮಕ್ಕಳು ತಮಿಳಿನಲ್ಲೂ ಇಂಗ್ಲಿಷಿನಲ್ಲೂ ಓದಿ ಬೆಳೆಯುತ್ತಾರೆ. ಅದು ತಪ್ಪಲ್ಲ; ಅನ್ನ ಕೊಟ್ಟ ನಾಡಿನ ಭಾಷೆಯನ್ನು ಗೌರವದಿಂದ ಕಲಿಯಬೇಕಾದುದೇ. ಆದರೆ ಬೆಂಗಳೂರಿನ ನೆಂಟರ ಮುಂದೆ ನಮ್ಮ ಕನ್ನಡಕ್ಕೆ ನಾಚಿ ತಮಿಳಿಗೆ ಹೊರಳುವುದೂ, ಬೀದಿಯ ಹಬ್ಬದಲ್ಲಿ ಅದನ್ನು ಸೆರಗಿನ ಮರೆಯಲ್ಲಿಡುವುದೂ ನಾವೇ ಮಾಡಿಕೊಂಡ ನಷ್ಟ.

ಇದಕ್ಕೆ ಸಂಘಬೇಕಿಲ್ಲ, ಸರ್ಕಾರದ ಹಣವೂ ಬೇಕಿಲ್ಲ. ಮುಂದಿನ ಹಬ್ಬಕ್ಕೆ ಮೈಕ್ ಸೆಟ್ಟಿನವನಿಗೆ ಮುಂಗಡ ಕೊಡುವಾಗಲೇ, ಸಂಜೆ ಅರ್ಧ ಗಂಟೆ ಯಾವ ಹಾಡನ್ನೂ ಹಾಕಬಾರದೆಂದು ಹೇಳಿಡೋಣ. ಆ ಜಾಗವನ್ನು ಮನೆಯ ಹಿರಿಯರಿಗೆ ಬಿಡೋಣ. ಲಾಲಿಯಾಗಲಿ, ಸೋಬಾನೆಯಾಗಲಿ, ಒಗಟಾಗಲಿ, ಅವರು ಹೇಳಲಿ. ಮೊಮ್ಮಕ್ಕಳು ಅದನ್ನು ಮೊಬೈಲಿನಲ್ಲಿ ಹಿಡಿದಿಡಲಿ. ಬಯಸಿದರೆ ತಮ್ಮ ಕಾಲದ ತಾಳವನ್ನೂ ಕೆಳಗೆ ಹಾಸಿಕೊಳ್ಳಲಿ.

ಹಾಡು ನಿಲ್ಲಿಸಿದ ಆ ಅಜ್ಜಿ ಈಗಿಲ್ಲ. ಅವರ ಹಾಡಿನಲ್ಲಿ ಎರಡು ನುಡಿಗಳಷ್ಟೇ ನಮ್ಮ ಬೀದಿಯ ಒಬ್ಬಿಬ್ಬರಿಗೆ ನೆನಪಿವೆ. ಉಳಿದ ನುಡಿಗಳನ್ನು ಬಲ್ಲವರು ಇನ್ನೊಂದು ಬೀದಿಯಲ್ಲೋ ಇನ್ನೊಂದು ಊರಿನಲ್ಲೋ ಇರಬಹುದು. ಮೈಕು ಅವರ ಕೈಗೆ ಬೇಗ ತಲಪಲಿ.