ಬಾತು ಮೊಟ್ಟೆಯ ನೀರಿನ ಲೆಕ್ಕ

ಕೋಳಿ ಮೊಟ್ಟೆಯನ್ನು ಮರಿ ಮಾಡಿಸಿ ಪಳಗಿದವರೂ ಬಾತು ಮೊಟ್ಟೆ ಎಂದರೆ ಕೊಂಚ ಹಿಂಜರಿಯುತ್ತಾರೆ. ಕೋಳಿಗೆ 21 ದಿನದ ಕಾವು ಸಾಕು. ಬಾತಿಗೆ 28 ದಿನ ಬೇಕು. ಮಸ್ಕೋವಿ ಬಾತಿಗಾದರೆ ಸುಮಾರು 35 ದಿನ. ದಿನ ಹೆಚ್ಚಾದಷ್ಟೂ ಎಡವಟ್ಟಾಗುವ ಸಂದರ್ಭವೂ ಹೆಚ್ಚು. ಆದರೂ ದಿನಗಳನ್ನು ಕಾಯುವುದು ಕಷ್ಟದ ಕೆಲಸವಲ್ಲ. ಬಿಸಿಯನ್ನು ಯಂತ್ರ ನೋಡಿಕೊಳ್ಳುತ್ತದೆ. ನೀರನ್ನು ಮಾತ್ರ ನಾವೇ ನೋಡಿಕೊಳ್ಳಬೇಕು. ಬಾತು ಮರಿ ಮಾಡಿಸುವವರ ಜಾಣ್ಮೆ ಗೊತ್ತಾಗುವುದು ಅಲ್ಲಿ.

ತಾಯಿ ಬಾತೇ ಕಾವು ಕೊಡುವುದಿಲ್ಲವೇ ಎಂದು ಕೇಳಬಹುದು. ಮಸ್ಕೋವಿ ಚೆನ್ನಾಗಿ ಕೂರುತ್ತದೆ. ಆದರೆ ಹೆಚ್ಚು ಮೊಟ್ಟೆಗಾಗಿ ಬೆಳೆಸಿದ ತಳಿಗಳಿಗೆ ಕಾವು ಕೂರುವ ಬುದ್ಧಿ ಬಹುಮಟ್ಟಿಗೆ ತಪ್ಪಿಹೋಗಿದೆ. ಇಂಗ್ಲೆಂಡಿನ ಅಡೆಲ್ ಕ್ಯಾಂಪ್‌ಬೆಲ್ ಎಂಬ ಮಹಿಳೆ ಅಭಿವೃದ್ಧಿಪಡಿಸಿದ ಖಾಕಿ ಕ್ಯಾಂಪ್‌ಬೆಲ್ ಅಂಥದ್ದು. ನಮ್ಮ ಹೆಸರಘಟ್ಟದ ಬಾತು ಸಾಕಣೆ ಕೇಂದ್ರದಲ್ಲೂ ಸಾಕಿದ ತಳಿ ಇದು. ಹೀಗಾಗಿ ಹಳ್ಳಿಗಳಲ್ಲಿ ಕಾವಿಗೆ ಬಂದ ನಾಟಿ ಹೇಂಟೆಯ ಕೆಳಗೆ ಎಂಟು-ಹತ್ತು ಬಾತು ಮೊಟ್ಟೆ ಇಡುವುದು ರೂಢಿ. ಹೇಂಟೆ ಒಂದು ವಾರ ಹೆಚ್ಚು ಕೂರಬೇಕಾದ್ದರಿಂದ ಕಾಳು, ನೀರು ಅದರ ಪಕ್ಕದಲ್ಲೇ ಇರಬೇಕು. ಹೇಂಟೆ ಇಲ್ಲದವರಿಗೆ ಸಣ್ಣ ಇನ್‌ಕ್ಯುಬೇಟರ್, ಅಂದರೆ ಕಾವು ಪೆಟ್ಟಿಗೆ ಇದೆ.

ಕೆಲಸ ಶುರುವಾಗುವುದು ಮೊಟ್ಟೆ ಆರಿಸುವಲ್ಲಿ. ಐದಾರು ಹೆಣ್ಣಿಗೆ ಒಂದು ಗಂಡು ಇರುವ ಹಿಂಡಿನ ಮೊಟ್ಟೆ ಬೇಕು. ಬಾತುಗಳು ಹೆಚ್ಚಾಗಿ ಬೆಳಗಿನ ಜಾವ ಮೊಟ್ಟೆ ಇಡುತ್ತವೆ. ಅಷ್ಟರೊಳಗೆ ಗೂಡಿನ ಬಾಗಿಲು ತೆಗೆದರೆ ಕೆಸರಲ್ಲೋ ಬೇಲಿಸಂದಿಯಲ್ಲೋ ಇಟ್ಟು ಬರುತ್ತವೆ. ಗೂಡಿಗೆ ಒಣ ಹುಲ್ಲು ಹಾಸಿದ್ದರೆ ಮೊಟ್ಟೆ ಶುಚಿಯಾಗಿರುತ್ತದೆ. ಕೊಳೆಯಾಯಿತೆಂದು ತಣ್ಣೀರಲ್ಲಿ ತೊಳೆದರೆ ಚಿಪ್ಪಿನ ಸಣ್ಣ ರಂಧ್ರಗಳ ಮೂಲಕ ಕೊಳೆನೀರು ಒಳಗೆ ಸೇರುತ್ತದೆ. ತೀರ ಕೊಳೆಯಾದದ್ದು, ಬಿರುಕು ಬಿಟ್ಟದ್ದು, ಆಕಾರ ಕೆಟ್ಟದ್ದು ಅಡುಗೆಮನೆಗೆ ಹೋಗಲಿ. ಉಳಿದದ್ದನ್ನು ಚೂಪು ತುದಿ ಕೆಳಗೆ ಮಾಡಿ ತಂಪಾದ ಜಾಗದಲ್ಲಿಟ್ಟು, ವಾರದೊಳಗೆ ಕಾವಿಗೆ ಇಡಬೇಕು.

ಫ್ಯಾನ್ ಇರುವ ಪೆಟ್ಟಿಗೆಯಲ್ಲಿ 37.5 ಡಿಗ್ರಿ ಸೆಲ್ಸಿಯಸ್ ಬಿಸಿ ಇರಬೇಕು. ಮೊಟ್ಟೆಯನ್ನು ದಿನಕ್ಕೆ ಕನಿಷ್ಠ ಮೂರು ಸಲವಾದರೂ ಹೊರಳಿಸಬೇಕು. ಇಲ್ಲದಿದ್ದರೆ ಭ್ರೂಣ ಪೊರೆಗೆ ಅಂಟಿಕೊಳ್ಳುತ್ತದೆ. ಸೀಸದ ಕಡ್ಡಿಯಲ್ಲಿ ಒಂದು ಬದಿಗೆ ಗುಣಿಸು, ಇನ್ನೊಂದಕ್ಕೆ ಸೊನ್ನೆ ಬರೆದಿಟ್ಟುಕೊಂಡರೆ ಯಾವುದನ್ನು ಹೊರಳಿಸಿದೆವು ಎಂಬ ಗೊಂದಲವಿಲ್ಲ.

ಇನ್ನು ನೀರು. ಕಾವು ಕೂತ ತಾಯಿ ಬಾತು ಆಗಾಗ ಎದ್ದು ಹೋಗಿ ಮೇದು, ಮಿಂದು, ಒದ್ದೆ ಗರಿಯಲ್ಲೇ ಮರಳಿ ಕೂರುತ್ತದೆ. ಅಷ್ಟು ಹೊತ್ತು ಮೊಟ್ಟೆ ತಣಿಯುತ್ತದೆ, ಆಮೇಲೆ ಒದ್ದೆಯಾಗುತ್ತದೆ. ಇದನ್ನೇ ಅನುಸರಿಸಿ ಮೊದಲ ವಾರ ಕಳೆದ ಮೇಲೆ ದಿನಕ್ಕೊಮ್ಮೆ ಪೆಟ್ಟಿಗೆಯ ಮುಚ್ಚಳ ತೆಗೆದು ಹತ್ತು-ಹದಿನೈದು ನಿಮಿಷ ಮೊಟ್ಟೆ ಆರಲು ಬಿಟ್ಟು, ಉಗುರುಬೆಚ್ಚಗಿನ ನೀರನ್ನು ತೆಳ್ಳಗೆ ಸಿಂಪಡಿಸುವುದುಂಟು. ಹೇಂಟೆಯ ಹೊಟ್ಟೆ ಒಣಗಿರುವುದರಿಂದ ಅದರ ಕೆಳಗಿನ ಮೊಟ್ಟೆಗೂ ಈ ಉಪಚಾರ ಒಳ್ಳೆಯದು.

ಹಾಗೆಂದು ಮೊಟ್ಟೆ ತೇವವಾಗಿಯೇ ಇರಬೇಕೆಂದಲ್ಲ. ಅದು ನಿಧಾನವಾಗಿ ಒಣಗಬೇಕು. 25ನೇ ದಿನದ ಹೊತ್ತಿಗೆ ತೂಕದ ಶೇ. 13ರಷ್ಟು ನೀರು ಆವಿಯಾಗಿ ಹೋಗಿರಬೇಕು. 70 ಗ್ರಾಂ ಮೊಟ್ಟೆ ಎರಡು ವಾರಕ್ಕೆ ಸುಮಾರು 65 ಗ್ರಾಂ, 25ನೇ ದಿನಕ್ಕೆ 61 ಗ್ರಾಂ ಆದರೆ ಲೆಕ್ಕ ಸರಿ. ಹೋದ ನೀರಿನ ಜಾಗದಲ್ಲಿ ಅಗಲ ತುದಿಯ ಗಾಳಿಗೂಡು ದೊಡ್ಡದಾಗುತ್ತದೆ. ಮರಿ ಮೊದಲ ಉಸಿರೆಳೆಯುವುದು ಅಲ್ಲಿಯೇ. ತೇವ ಹೆಚ್ಚಾದರೆ ಗಾಳಿಗೂಡು ಕಿರಿದಾಗಿ, ಉಬ್ಬಿದ ಮರಿ ಒಳಗೇ ಸಾಯುತ್ತದೆ. ಕಡಿಮೆಯಾದರೆ ಪೊರೆ ಒಣಗಿ ಮರಿಯನ್ನು ಬಿಗಿಯುತ್ತದೆ. ಸಾಮಾನ್ಯವಾಗಿ ಶೇ. 55ರ ಆಸುಪಾಸಿನ ತೇವಾಂಶ ಎನ್ನುತ್ತಾರೆ. ಆದರೆ ಮಳೆಗಾಲದ ಮಂಗಳೂರಿಗೂ ಬೇಸಿಗೆಯ ವಿಜಯಪುರಕ್ಕೂ ಒಂದೇ ಸೂತ್ರ ನಡೆಯದು. ಅಲ್ಲಿ ಪೆಟ್ಟಿಗೆಯ ತಟ್ಟೆಗೆ ನೀರೇ ಬೇಡವಾಗಬಹುದು, ಇಲ್ಲಿ ಎರಡು ತಟ್ಟೆಯೂ ಸಾಲದಿರಬಹುದು. ಹಾಗಾಗಿ ತಕ್ಕಡಿಯನ್ನು ನಂಬುವುದೇ ಮೇಲು.

ಏಳನೇ ದಿನ ಕತ್ತಲಕೋಣೆಯಲ್ಲಿ ಮೊಟ್ಟೆಯನ್ನು ಟಾರ್ಚಿನ ಬೆಳಕಿಗೆ ಹಿಡಿದರೆ ಜೇಡರ ಬಲೆಯಂತೆ ಕೆಂಪು ನರಗಳು ಕಾಣುತ್ತವೆ. ಏನೂ ಕಾಣದೆ ತಿಳಿಯಾಗಿದ್ದರೆ ಅದು ಗೊಡ್ಡು ಮೊಟ್ಟೆ. ಬರಿಯ ರಕ್ತದ ಉಂಗುರ ಕಂಡರೆ ಭ್ರೂಣ ಸತ್ತಿದೆ. ಎರಡನ್ನೂ ತೆಗೆಯಬೇಕು, ಕೊಳೆತ ಮೊಟ್ಟೆ ಒಡೆದರೆ ಉಳಿದವನ್ನೂ ಕೆಡಿಸುತ್ತದೆ.

ಬಲಿತ ಭ್ರೂಣ ತಾನೇ ಬಿಸಿ ಹೊಮ್ಮಿಸುತ್ತದೆ. ಆಗ್ನೇಯ ಏಷ್ಯಾದ ಬಾತು ಸಾಕಣೆಗಾರರು ಇದನ್ನು ಬಹಳ ಹಿಂದೆಯೇ ಕಂಡುಕೊಂಡು, ಭತ್ತದ ಹೊಟ್ಟು ತುಂಬಿದ ಬುಟ್ಟಿಗಳಲ್ಲಿ ಬಲಿತ ಮೊಟ್ಟೆಗಳ ಶಾಖದಿಂದಲೇ ಹೊಸ ಮೊಟ್ಟೆಗಳಿಗೆ ಕಾವು ಕೊಡುತ್ತಿದ್ದರು. ನಮ್ಮ ಮನೆಯಲ್ಲಿ ಕರೆಂಟು ಹೋದಾಗಲೂ ಇದೇ ಆಧಾರ. ಕೊನೆಯ ವಾರದಲ್ಲಿ ಪೆಟ್ಟಿಗೆಗೆ ಕಂಬಳಿ ಹೊದಿಸಿದರೆ ಒಂದೆರಡು ಗಂಟೆ ಸಾಮಾನ್ಯವಾಗಿ ತಾಳುತ್ತದೆ. ತುಸು ತಣಿದ ಮೊಟ್ಟೆ ಬದುಕೀತು. ಅತಿ ಬಿಸಿಯಾದದ್ದು ಉಳಿಯುವುದು ಕಷ್ಟ.

25ನೇ ದಿನ ಹೊರಳಿಸುವುದನ್ನು ನಿಲ್ಲಿಸಿ, ತೇವಾಂಶವನ್ನು ಶೇ. 70ಕ್ಕೆ ಏರಿಸಿ, ಮುಚ್ಚಳ ಹಾಕಿಬಿಡಬೇಕು. ಮರಿ ಮೊದಲು ಒಳಪೊರೆ ಹರಿದು ಗಾಳಿಗೂಡಿಗೆ ಕೊಕ್ಕು ಚಾಚುತ್ತದೆ; ಕಿವಿಗೊಟ್ಟರೆ ಚಿಲಿಪಿಲಿ ಕೇಳುತ್ತದೆ. ಆಮೇಲೆ ಚಿಪ್ಪಿನಲ್ಲಿ ಒಂದು ತೂತು. ಅಲ್ಲಿಂದ ಒಂದು ದಿನ, ಒಮ್ಮೊಮ್ಮೆ ಒಂದೂವರೆ-ಎರಡು ದಿನ ಏನೂ ನಡೆಯದಂತೆ ತೋರುತ್ತದೆ. ಆದರೆ ಒಳಗೆ ಬಿಡುವಿಲ್ಲದ ಕೆಲಸ: ಶ್ವಾಸಕೋಶ ಉಸಿರಾಟ ಕಲಿಯುತ್ತಿರುತ್ತದೆ, ಪೊರೆಯ ನರಗಳ ರಕ್ತ ಮರಿಯೊಳಕ್ಕೆ ಸರಿಯುತ್ತಿರುತ್ತದೆ, ಉಳಿದ ಹಳದಿ ಹೊಟ್ಟೆ ಸೇರುತ್ತಿರುತ್ತದೆ. ಕನಿಕರಪಟ್ಟು ಈಗ ಚಿಪ್ಪು ಬಿಡಿಸಿದರೆ ರಕ್ತ ಸೋರಿ ಮರಿ ಸಾಯಬಹುದು. ಮತ್ತೆ ಮತ್ತೆ ಮುಚ್ಚಳ ತೆಗೆದರೆ ಪೊರೆ ಒಣಗುತ್ತದೆ. ನುರಿತವರು ಈ ಹೊತ್ತಿನಲ್ಲಿ ಕೈಕಟ್ಟಿ ಕೂರುತ್ತಾರೆ. ಹೊತ್ತು ಬಂದಾಗ ಮರಿ ಒಳಗೇ ಸುತ್ತುತ್ತ ಚಿಪ್ಪನ್ನು ಒಂದು ಸುತ್ತು ಒಡೆದು, ಮುಚ್ಚಳ ತಳ್ಳಿ ಹೊರಬರುತ್ತದೆ.

ಹೊಟ್ಟೆಯಲ್ಲಿ ಹಳದಿ ಇರುವುದರಿಂದ ಒಂದು ದಿನ ಆಹಾರಕ್ಕೆ ಅವಸರವಿಲ್ಲ. ಮರಿ ಒಣಗಿದ ಮೇಲೆ ಸುಮಾರು 32 ಡಿಗ್ರಿಯ ಬೆಚ್ಚನೆ ಜಾಗಕ್ಕೆ ಬಿಟ್ಟು, ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬೇಕು. ಕುಡಿಯುವ ನೀರು ಮೂಗಿನ ಹೊಳ್ಳೆ ಮುಳುಗುವಷ್ಟು ಆಳವಿರಲಿ, ಈಜುವಷ್ಟು ಬೇಡ. ಪೆಟ್ಟಿಗೆಯಲ್ಲಿ ಹುಟ್ಟಿದ ಮರಿಗೆ ತಾಯಿಯ ಕಾವು ಸಿಗುವುದಿಲ್ಲ. ನೀರಿಗಿಳಿದರೆ ನೆನೆದು ನಡುಗುತ್ತದೆ. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ, ಮೆಕ್ಕೆಜೋಳವನ್ನಂತೂ ಹತ್ತಿರ ಸೇರಿಸಬೇಡಿ. ಅದರ ಅಫ್ಲಾಟಾಕ್ಸಿನ್ ವಿಷ ಕೋಳಿ ಮರಿಗಿಂತ ಬಾತು ಮರಿಗೆ ಬೇಗ ತಗಲುತ್ತದೆ.

ಹುಟ್ಟಿದವುಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡಾಗಿರುತ್ತವೆ. ಒಂಟಿ ಬಾತು ಸೊರಗುತ್ತದೆ, ಅದಕ್ಕೆ ಜೊತೆ ಬೇಕೇ ಬೇಕು. ಆದ್ದರಿಂದ ಮೊಟ್ಟೆಯನ್ನು ಕಾವಿಗೆ ಇಡುವ ಮೊದಲೇ ಜಾಗ, ನೀರು ಮತ್ತು ಹೆಚ್ಚಾದ ಗಂಡುಗಳ ವ್ಯವಸ್ಥೆ ಯೋಚಿಸಿಟ್ಟುಕೊಳ್ಳಿ.